ಅರ್ಥಶಾಸ್ತ್ರದಲ್ಲಿ ಗ್ರೀಷ್ಮದ ಅಗ್ನಿಭಯ ಮತ್ತು ನಗರದ ಗೃಹಸ್ಥ

ಕೌಟಿಲ್ಯನ ಅರ್ಥಶಾಸ್ತ್ರವೆಂದೊಡನೆ ಗೂಢಚಾರರ ವ್ಯವಸ್ಥೆ, ಷಾಡ್ಗುಣ್ಯ, ಮಂಡಲಸಿದ್ಧಾಂತ ಇವೇ ಸಾಮಾನ್ಯವಾಗಿ ನಮ್ಮ ಸ್ಮರಣೆಗೆ ಬರುತ್ತವೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಹಸ್ತಪ್ರತಿಯಿಂದ ಈ ಗ್ರಂಥವನ್ನು ಬೆಳಕಿಗೆ ತಂದು, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಆರ್. ಶಾಮಾಶಾಸ್ತ್ರಿಗಳ ಕಾಲದಿಂದ ಇಂದಿನವರೆಗೆ ವಿದ್ವಾಂಸರ ಚರ್ಚೆಯೂ ಬಹುಮಟ್ಟಿಗೆ ಈ ವಿಷಯಗಳ ಸುತ್ತಲೇ ನಡೆದಿದೆ. ಆದರೆ ಅದೇ ಗ್ರಂಥದ ಎರಡನೆಯ ಅಧಿಕರಣದ ಮೂವತ್ತಾರನೆಯ ಅಧ್ಯಾಯದಲ್ಲಿ, ನಾಗರಿಕನೆಂಬ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ, ಅಡುಗೆಯ ಒಲೆ, ನೀರಿನ ಕೊಡ, ಏಣಿ, ಹುಲ್ಲಿನ ಮಾಡು ಇವುಗಳ ವಿಚಾರವೂ ಬರುತ್ತದೆ. ಬೇಸಿಗೆಯಲ್ಲಿ ನಗರದ ಮನೆಗಳನ್ನು ಬೆಂಕಿಯಿಂದ ಕಾಪಾಡುವ ಆ ನಿಯಮಗಳು ಏನನ್ನು ತಿಳಿಸುತ್ತವೆ ಎಂಬುದೇ ಪ್ರಕೃತ ಲೇಖನದ ವಿಷಯ.

ಗ್ರಂಥದ ಕಾಲದ ಬಗ್ಗೆ ಒಂದು ಮಾತು ಅಗತ್ಯ. ಇದು ಚಂದ್ರಗುಪ್ತ ಮೌರ್ಯನ ಮಂತ್ರಿಯ ಕೃತಿಯೆಂಬ ಹಳೆಯ ಅಭಿಪ್ರಾಯವನ್ನು ಇಂದು ಅನೇಕರು ಒಪ್ಪುವುದಿಲ್ಲ. ಥಾಮಸ್ ಟ್ರಾಟ್‌ಮನ್ ಅವರ 1971ರ ಅಧ್ಯಯನದ ಅನಂತರ, ಇದು ಒಬ್ಬನೇ ಕರ್ತೃವಿನ ರಚನೆಯಲ್ಲವೆಂದೂ ಇದರ ಇಂದಿನ ರೂಪ ಮೌರ್ಯರ ತರುವಾಯದ್ದೆಂದೂ ಭಾವಿಸುವವರೇ ಹೆಚ್ಚು. ಆದುದರಿಂದ ಈ ನಿಯಮಗಳನ್ನು ಪಾಟಲಿಪುತ್ರದ ನಗರಸಭೆಯ ಆಜ್ಞೆಗಳೆಂದು ಓದುವುದು ಸರಿಯಲ್ಲ. ಪ್ರಾಚೀನ ಭಾರತದ ನಗರವಾಸಿಗಳಿಗೆ ಇದ್ದ ಒಂದು ನಿಜವಾದ ಭಯಕ್ಕೆ ಶಾಸ್ತ್ರಕಾರರು ಸೂಚಿಸಿದ ಪರಿಹಾರವೆಂದು ಅವನ್ನು ಓದಬೇಕು.

ಆ ಭಯಕ್ಕೆ ಆಧಾರಗಳು ಬೇರೆಡೆಯಲ್ಲಿಯೂ ಇವೆ. ನದೀತೀರದ ನಗರಗಳನ್ನು ಭಾರತೀಯರು ಮರದಿಂದ ಕಟ್ಟುತ್ತಿದ್ದರೆಂದು ಮೆಗಸ್ತನೀಸನನ್ನು ಅನುಸರಿಸಿ ಆರಿಯನ್ ಬರೆದಿದ್ದಾನೆ. ಪಾಟಲಿಪುತ್ರದ ಮರದ ಕೋಟೆಯ ಅವಶೇಷಗಳು ಪಾಟ್ನಾದ ಬುಲಂದೀಬಾಗ್‌ನಲ್ಲಿ ದೊರೆತಿವೆ. 1912-13ರಲ್ಲಿ ಡಿ. ಬಿ. ಸ್ಪೂನರ್ ಕುಮ್ರಾಹಾರ್‌ನಲ್ಲಿ ಅಗೆಸಿದಾಗ ಸ್ತಂಭಮಂಟಪದ ನೆಲೆಯಲ್ಲಿ ಬೂದಿಯ ಪದರ ಕಂಡುಬಂದಿತು. ಪಾಲಿಯ ಮಹಾಪರಿನಿಬ್ಬಾಣ ಸುತ್ತದಲ್ಲಿ ಬುದ್ಧನು ಪಾಟಲಿಗ್ರಾಮದ ಭವಿಷ್ಯವನ್ನು ಹೇಳುವಾಗ ಮೂರು ವಿಪತ್ತುಗಳನ್ನು ಹೆಸರಿಸುತ್ತಾನೆ: ಬೆಂಕಿ, ನೀರು, ಅಂತಃಕಲಹ. ಅವುಗಳಲ್ಲಿ ಮೊದಲನೆಯದು ಬೆಂಕಿಯೇ ಎಂಬುದು ಗಮನಾರ್ಹ.

ಇನ್ನು ಅರ್ಥಶಾಸ್ತ್ರದ ವಿಧಿಗಳನ್ನು ನೋಡೋಣ. ಹಗಲನ್ನು ನಾಲ್ಕು ಭಾಗ ಮಾಡಿದರೆ, ಗ್ರೀಷ್ಮದಲ್ಲಿ ನಡುವಣ ಎರಡು ಭಾಗಗಳಲ್ಲಿ, ಎಂದರೆ ನಮ್ಮ ಲೆಕ್ಕದಲ್ಲಿ ಬೆಳಗ್ಗೆ ಸುಮಾರು 9ರಿಂದ ಮಧ್ಯಾಹ್ನ 3ರವರೆಗೆ, ಬೆಂಕಿ ಹೊತ್ತಿಸಿದರೆ ಪಣದ ಎಂಟನೆಯ ಒಂದು ಭಾಗ ದಂಡ. ಅನಿವಾರ್ಯವಾದರೆ ಅಡುಗೆಯನ್ನು ಮನೆಯ ಹೊರಗೆ ಮಾಡಿಕೊಳ್ಳಬೇಕು. ಪ್ರತಿಯೊಂದು ಮನೆಯಲ್ಲಿ ಐದು ನೀರಿನ ಗಡಿಗೆಗಳು, ದೊಡ್ಡ ಕೊಡ, ದೋಣಿಯಾಕಾರದ ತೊಟ್ಟಿ, ಏಣಿ, ಕೊಡಲಿ, ಮೊರ, ಕೊಕ್ಕೆ, ಉರಿಯುವ ಹುಲ್ಲನ್ನು ಕಿತ್ತೆಳೆಯುವ ಕಚಗ್ರಹಣಿ, ತೊಗಲಿನ ಚೀಲ ಇವು ಸಿದ್ಧವಾಗಿರಬೇಕು. ಇಲ್ಲದಿದ್ದರೆ ಕಾಲು ಪಣ ದಂಡ. ಹುಲ್ಲು ಮತ್ತು ಚಾಪೆಯ ಹೊದಿಕೆಗಳನ್ನು ತೆಗೆಸಬೇಕು. ಕಮ್ಮಾರರೇ ಮೊದಲಾದ ಬೆಂಕಿಯಿಂದ ಜೀವಿಸುವವರನ್ನು ಒಂದೇ ಕಡೆ ನೆಲೆಗೊಳಿಸಬೇಕು. ರಾತ್ರಿ ಗೃಹಸ್ಥರು ಗುಂಪುಗೂಡದೆ ತಮ್ಮ ತಮ್ಮ ಮನೆಯ ಮುಂಬಾಗಿಲಲ್ಲಿರಬೇಕು. ಬೀದಿಗಳಲ್ಲಿ, ಚೌಕಗಳಲ್ಲಿ, ಪುರದ್ವಾರಗಳಲ್ಲಿ, ರಾಜಗೃಹಗಳ ಬಳಿಯಲ್ಲಿ ನೀರಿನ ಕೊಡಗಳ ಸಾಲುಗಳು ಸಾವಿರ ಸಂಖ್ಯೆಯಲ್ಲಿರಬೇಕು.

ಈ ವಿಧಿಗಳ ಅಂತರಂಗ ದಂಡಗಳ ತಾರತಮ್ಯದಲ್ಲಿ ಸ್ಪಷ್ಟವಾಗುತ್ತದೆ. ಸಲಕರಣೆಯಿಲ್ಲದವನಿಗೆ ಕಾಲು ಪಣ. ನೆರೆಯಲ್ಲಿ ಬೆಂಕಿ ಬಿದ್ದಾಗ ಓಡಿಬಾರದ ಮನೆಯೊಡೆಯನಿಗೆ 12 ಪಣ, ಎಂದರೆ ಅದರ ನಲವತ್ತೆಂಟು ಪಾಲು. ಬಾಡಿಗೆದಾರನಿಗೆ ಅದರ ಅರ್ಧ, 6 ಪಣ. ಅಜಾಗರೂಕತೆಯಿಂದ ಬೆಂಕಿಗೆ ಕಾರಣನಾದವನಿಗೆ 54 ಪಣ. ಬೇಕೆಂದೇ ಬೆಂಕಿಯಿಟ್ಟವನಿಗೆ ಬೆಂಕಿಯಿಂದಲೇ ಮರಣ. ಐದನೆಯ ಅಧಿಕರಣದ ವೇತನಪಟ್ಟಿಯಲ್ಲಿ ಕೆಳದರ್ಜೆಯ ಪರಿಚಾರಕರಿಗೆ ಹೇಳಿರುವ 60 ಪಣವನ್ನು ವಾರ್ಷಿಕ ವೇತನವೆಂದು ಅರ್ಥಮಾಡುವುದು ವಾಡಿಕೆ. ಹಾಗಾದರೆ ಒಂದು ಕ್ಷಣದ ಅಲಕ್ಷ್ಯದ ಬೆಲೆ ಅಂಥವನ ಒಂದು ವರ್ಷದ ದುಡಿಮೆಗೆ ಹತ್ತಿರ ಬರುತ್ತದೆ. ಮುನ್ನೆಚ್ಚರಿಕೆಯ ಲೋಪವನ್ನು ಹಗುರವಾಗಿಯೂ ನೆರೆಯವನ ಕಷ್ಟಕ್ಕೆ ಒದಗದಿರುವುದನ್ನು ಕಠಿಣವಾಗಿಯೂ ಶಾಸ್ತ್ರಕಾರನು ಎಣಿಸಿದ್ದಾನೆ. ಬೆಂಕಿ ಒಂದು ಮನೆಯ ವಿಷಯವಲ್ಲ, ಬೀದಿಯ ವಿಷಯ ಎಂಬ ತಿಳಿವಳಿಕೆ ಇದರ ಹಿಂದಿದೆ.

ಆದರೆ ಇಲ್ಲಿ ಕೇವಲ ಲೋಕಹಿತವನ್ನೇ ಕಾಣುವುದೂ ಏಕಪಕ್ಷೀಯವಾದೀತು. ಇದೇ ಅಧ್ಯಾಯದಲ್ಲಿಯೇ ಮನೆಗೆ ಬಂದುಹೋಗುವವರ ವರದಿಯನ್ನು ಗೃಹಸ್ಥನು ಒಪ್ಪಿಸಬೇಕೆಂದು ವಿಧಿಸಲಾಗಿದೆ; ರಾತ್ರಿಯ ಸಂಚಾರವನ್ನು ನಿರ್ಬಂಧಿಸಲಾಗಿದೆ. ಬೆಂಕಿಯ ನಿಮಿತ್ತ ಹೊರಟವನನ್ನು ಮಾತ್ರ, ವೈದ್ಯ ಸೂತಿಕೆ ಮೊದಲಾದವರ ನಿಮಿತ್ತ ಹೊರಟವರಂತೆ, ಹಿಡಿಯಕೂಡದು. ಮುಂಬಾಗಿಲಲ್ಲಿ ಕುಳಿತ ಗೃಹಸ್ಥನು ನೆರೆಯವನ ರಕ್ಷಕನೂ ಹೌದು, ಪ್ರಭುತ್ವದ ಕಣ್ಣೂ ಹೌದು. ಹುಲ್ಲಿನ ಮಾಡನ್ನು ತೆಗೆಸುವ ವಿಧಿಯ ಭಾರ ಯಾರ ಮೇಲೆ ಬೀಳುತ್ತಿತ್ತೆಂಬುದನ್ನೂ ಯೋಚಿಸಬೇಕು. ಹೆಂಚು ಹೊದಿಸಲಾರದವನ ಮೇಲೆಯೇ ಅಲ್ಲವೆ? ಅವನಿಗೆ ಬದಲು ನೆರಳಿನ ಮಾತು ಈ ಸೂತ್ರಗಳಲ್ಲಿಲ್ಲ.

ಈ ವಿಚಾರ ಕೇವಲ ಪುರಾತನ ಕುತೂಹಲದ್ದಲ್ಲ. 2016ರ ಏಪ್ರಿಲ್‌ನಲ್ಲಿ, ಪಾಟಲಿಪುತ್ರವಿದ್ದ ಅದೇ ಬಿಹಾರದಲ್ಲಿ, ಬಿರುಬಿಸಿಲು ಮತ್ತು ಒಣ ಪಶ್ಚಿಮದ ಗಾಳಿಯಿಂದ ಹಳ್ಳಿಗಳಲ್ಲಿ ಸಾಲುಸಾಲಾಗಿ ಬೆಂಕಿ ಬಿದ್ದು ಅನೇಕರು ಮಡಿದಾಗ, ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಒಲೆ ಹೊತ್ತಿಸಬಾರದೆಂದು ರಾಜ್ಯ ಸರಕಾರ ಸೂಚಿಸಿತು. ಪ್ರಾಚೀನ ವಿಧಿಯ ವೇಳೆಯೂ ಈ ಸೂಚನೆಯ ವೇಳೆಯೂ ಒಂದೇ ಗಳಿಗೆಯಲ್ಲಿ ಆರಂಭವಾಗುತ್ತವೆ. ಒಂದು ಇನ್ನೊಂದರಿಂದ ಬಂದಿತೆಂದು ಹೇಳಲಾಗದು; ಅದೇ ಬಿಸಿಲು, ಅದೇ ಗಾಳಿ, ಅದೇ ಒಣಹುಲ್ಲು ಅದೇ ಉತ್ತರವನ್ನು ಕೇಳಿದವು, ಅಷ್ಟೆ. ಶತಮಾನಗಳು ಕಳೆದರೂ ಬಡವನ ಮಾಡು ಹುಲ್ಲಿನದಾಗಿಯೇ ಉಳಿದಿತ್ತೆಂಬುದು ಈ ಸಾಮ್ಯದಿಂದ ನಾವು ತಿಳಿಯಬೇಕಾದ ಮುಖ್ಯ ಸಂಗತಿ.