ಕಮಾನು ಮತ್ತು ಪೇಟಿ

ಪುಷ್ಯಮಾಸ ಬಂದಿತೆಂದರೆ ಬಾದಾಮಿಯ ಮಗ್ಗುಲಿನ ಚೊಳಚಗುಡ್ಡ ಒಂದು ಪಟ್ಟಣವೇ ಆಗಿಬಿಡುತ್ತದೆ. ಬನಶಂಕರಿಯ ತೇರು ಎಳೆಯುವುದು ಬನದ ಹುಣ್ಣಿಮೆಯಂದು; ಆದರೆ ಜಾತ್ರೆ ಅಂದಿಗೇ ಮುಗಿಯುವುದಿಲ್ಲ. ವಾರಗಟ್ಟಲೆ ನಡೆಯುವ ಈ ಜಾತ್ರೆಯ ಹೆಗ್ಗಳಿಕೆಯೆಂದರೆ ನಾಟಕ ಕಂಪನಿಗಳು. ಹಗಲು ದೇವಿಯ ದರ್ಶನ ಪಡೆದು, ಇರುಳೆಲ್ಲ ನಾಟಕ ನೋಡಿ, ಬೆಳಗಿನ ಚಳಿಯಲ್ಲಿ ಊರ ದಾರಿ ಹಿಡಿಯುವುದು ಈ ಸೀಮೆಯ ಜನರ ತಲೆಮಾರುಗಳ ರೂಢಿ.

ಆ ನಾಟಕಗಳಲ್ಲಿ ಪರದೆ ಏಳುವ ಮುನ್ನ ಬಹುಕಾಲ ಕೇಳಿಬರುತ್ತಿದ್ದ ನಾದ ಹಾರ್ಮೋನಿಯಮ್ಮಿನದು. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತಾರೆ. ನುಡಿಸುವವರು ಪೇಟಿ ಮಾಸ್ತರರು. ಈ ಪೇಟಿಗೆ ಒಮ್ಮೆ ನಮ್ಮ ದೇಶದ ರೇಡಿಯೋದಲ್ಲಿ ಬಹಿಷ್ಕಾರ ಬಿದ್ದಿತ್ತು. ಆ ಬಹಿಷ್ಕಾರಕ್ಕೆ ವಾದವನ್ನು ಒದಗಿಸಿದವರಲ್ಲಿ ಒಬ್ಬ, ಇಂಗ್ಲೆಂಡಿನ ಸೆಲ್ಲೋ ವಾದಕ. ಚೊಳಚಗುಡ್ಡದ ಜಾತ್ರೆಗೂ ಸೆಲ್ಲೋ ವಾದ್ಯಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳುವವರಿಗೆ ಇಂದಿನ ಈ ಭಾಷಣವೇ ಉತ್ತರ.

ಸೆಲ್ಲೋ ಪಿಟೀಲಿನ ಕುಲಕ್ಕೆ ಸೇರಿದ ದೊಡ್ಡ ವಾದ್ಯ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಕ್ರೆಮೋನಾ ಪಟ್ಟಣದ ಆಂದ್ರೆಯಾ ಅಮಾಟಿಯಂಥ ಶಿಲ್ಪಿಗಳ ಕೈಯಲ್ಲಿ ಅದು ರೂಪುಗೊಂಡಿತು. ವಾದಕ ಕುರ್ಚಿಯ ಮೇಲೆ ಕುಳಿತು, ವಾದ್ಯವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿ, ನಾಲ್ಕು ತಂತಿಗಳ ಮೇಲೆ ಕಮಾನು ಎಳೆಯುತ್ತಾನೆ. ಅದರ ಧ್ವನಿ ಗಂಡಸಿನ ಕಂಠಕ್ಕೆ ಬಲು ಹತ್ತಿರ. ವೀಣೆಗಿರುವಂತೆ ಅದಕ್ಕೆ ಮೆಟ್ಟಿಲುಗಳಿಲ್ಲ. ಬೆರಳು ಜಾರಿದಂತೆ ಸ್ವರವೂ ಜಾರುತ್ತದೆ. ಎರಡು ಸ್ವರಗಳ ನಡುವಣ ಸೂಕ್ಷ್ಮ ಎಡೆಗಳೆಲ್ಲ ಸೆಲ್ಲೋ ವಾದಕನ ಬೆರಳಿಗೆ ತಿಳಿದ ದಾರಿಗಳೇ.

ಜಾನ್ ಫೌಲ್ಡ್ಸ್ ಅಂಥ ಒಬ್ಬ ವಾದಕ. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಆತ 1900ರಲ್ಲಿ ಅಲ್ಲಿನ ಪ್ರಸಿದ್ಧ ಹ್ಯಾಲೆ ವಾದ್ಯಮೇಳವನ್ನು ಸೆಲ್ಲೋ ವಾದಕನಾಗಿ ಸೇರಿದ. 1905ರಲ್ಲಿ ರಚಿಸಿದ ಸೆಲ್ಲೋ ಸೊನಾಟಾದಲ್ಲಿಯೇ ಅರ್ಧ ಸ್ವರವನ್ನೂ ಮತ್ತೆ ಒಡೆದ ಕಾಲು ಸ್ವರಗಳನ್ನು ಬಳಸಿದ ಸಾಹಸಿ. ಆತನ ಪತ್ನಿ ಮಾಡ್ ಮೆಕಾರ್ಥಿ ಪಿಟೀಲು ವಾದಕಿ. ಭಾರತೀಯ ಸಂಗೀತವನ್ನು ಇಲ್ಲಿಗೇ ಬಂದು ಅಭ್ಯಾಸ ಮಾಡಿದ್ದವಳು. ದಂಪತಿಗಳು 1935ರಲ್ಲಿ ಭಾರತಕ್ಕೆ ಬಂದರು. ಫೌಲ್ಡ್ಸ್ ದೆಹಲಿಯ ರೇಡಿಯೋ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥನಾದ. ಭಾರತೀಯ ವಾದ್ಯಗಳನ್ನು ಕೂಡಿಸಿ ಮೇಳ ಕಟ್ಟಿದ. 1938ರಲ್ಲಿ ರೇಡಿಯೋದ ಪತ್ರಿಕೆಯಲ್ಲಿ ಹಾರ್ಮೋನಿಯಮ್ಮನ್ನು ಕಟುವಾಗಿ ಖಂಡಿಸಿ ಲೇಖನ ಬರೆದ.

ಆತನ ವಾದ ಕಿವಿಯಿಂದ ಹುಟ್ಟಿದ್ದು. ಹಾರ್ಮೋನಿಯಮ್ಮಿನ ಸಪ್ತಕದಲ್ಲಿ ಹನ್ನೆರಡೇ ಮನೆಗಳು. ಲೋಹದ ನಾಲಿಗೆಗಳಲ್ಲಿ ಬಿಗಿದಿಟ್ಟ ಸ್ವರಗಳು. ಒಂದರಿಂದ ಇನ್ನೊಂದಕ್ಕೆ ನೆಗೆಯಬಹುದೇ ಹೊರತು ಜಾರಲಾಗದು. ಮೀಂಡು ಅದಕ್ಕೆ ಸಾಧ್ಯವಿಲ್ಲ. ದರ್ಬಾರಿಯ ಆಂದೋಲಿತ ಗಾಂಧಾರವನ್ನು ಅದು ಸೂಚಿಸಬಲ್ಲದು, ನುಡಿಸಲಾರದು. ಇದೇ ಆಕ್ಷೇಪವನ್ನು ಫಾಕ್ಸ್ ಸ್ಟ್ರಾಂಗ್‌ವೇಸ್ 1914ರಷ್ಟು ಹಿಂದೆಯೇ ಎತ್ತಿದ್ದ. ರವೀಂದ್ರನಾಥ ಠಾಕೂರರೂ 1940ರ ಜನವರಿಯಲ್ಲಿ ಕಲಕತ್ತೆಯ ಕೇಂದ್ರಕ್ಕೆ ಪತ್ರ ಬರೆದು ಪೇಟಿಯ ಬಗೆಗಿನ ತಮ್ಮ ಅಸಮಾಧಾನವನ್ನು ತಿಳಿಸಿದರು. ಅದೇ ವರ್ಷದ ಮಾರ್ಚ್ 1ರಿಂದ, ಲಯನೆಲ್ ಫೀಲ್ಡನ್ನನ ಆಡಳಿತದಲ್ಲಿ, ರೇಡಿಯೋದ ಬಾಗಿಲು ಪೇಟಿಗೆ ಮುಚ್ಚಿತು. ಅದನ್ನು ಕಾಣಲು ಫೌಲ್ಡ್ಸ್ ಬದುಕಿರಲಿಲ್ಲ. 1939ರ ಏಪ್ರಿಲಿನಲ್ಲಿ ಕಾಲರಾ ಬೇನೆ ಆತನನ್ನು ಕಲಕತ್ತೆಯಲ್ಲಿ ಬಲಿ ತೆಗೆದುಕೊಂಡಿತ್ತು.

ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಬನಶಂಕರಿಯ ಜಾತ್ರೆಯ ಕಡೆಯಿಂದ ನೋಡಿದರೆ ಇದೇ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ಪ್ಯಾರಿಸಿನಲ್ಲಿ ಹುಟ್ಟಿದ ಹಾರ್ಮೋನಿಯಮ್ 1875ರ ಸುಮಾರಿಗೆ ಕಲಕತ್ತೆಯ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಗಿ ಮಾರ್ಪಟ್ಟಿತು. ಆ ಹೊತ್ತಿಗೆ ಸರಿಯಾಗಿ, ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದರು. ಅದರ ಬೆನ್ನಿಗೇ ಹಾಡಿನ ನಾಟಕದ ಯುಗ. ಕನ್ನಡದಲ್ಲಿ ಶಿರಹಟ್ಟಿ ವೆಂಕೋಬರಾಯರು, ಗರೂಡ ಸದಾಶಿವರಾಯರು, ಮುಂದೆ ಏಣಗಿ ಬಾಳಪ್ಪನವರು ಕಟ್ಟಿದ ಕಂಪನಿಗಳು ಊರೂರು ತಿರುಗಿದವು.

ಈ ತಿರುಗಾಟದ ರಂಗಕ್ಕೆ ಎಂಥ ವಾದ್ಯ ಬೇಕು? ಸಾರಂಗಿಯ ನಾದಕ್ಕೆ ಸಾಟಿಯಿಲ್ಲ, ನಿಜ. ಗಜವೆಂದು ಕರೆಯುವ ಅದರ ಕಮಾನು ಹಾಡುಗಾರನ ಕಂಠವನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಬಾಲಗಂಧರ್ವರು ಕಾದರ್‌ಬಕ್ಷರ ಸಾರಂಗಿಯನ್ನು ತಮ್ಮ ರಂಗದ ಹೆಮ್ಮೆಯೆಂದೇ ಇರಿಸಿಕೊಂಡಿದ್ದರು. ಆದರೆ ಎಲ್ಲ ಕಂಪನಿಗಳಿಗೂ ಆ ಭಾಗ್ಯವೆಲ್ಲಿ? ಕರುಳಿನ ತಂತಿಗಳು, ಅವುಗಳ ಕೆಳಗೆ ಮೂವತ್ತಕ್ಕೂ ಮೀರಿದ ಅನುರಣನದ ತಂತಿಗಳು. ಪುಷ್ಯದ ಇರುಳಿನ ಚಳಿಗೆ ಶ್ರುತಿ ಇಳಿದರೆ ಮತ್ತೆ ಕೂಡಿಸುವುದರಲ್ಲಿ ಒಂದು ಪ್ರವೇಶವೇ ಮುಗಿದುಹೋದೀತು. ಪೇಟಿಗೆ ಈ ತಾಪತ್ರಯವಿಲ್ಲ. ಚಕ್ಕಡಿಯಲ್ಲಿ ಹೇರಿ ತಂದರೂ ಶ್ರುತಿ ಕೆಡದು. ಧ್ವನಿವರ್ಧಕವಿಲ್ಲದ ಕಾಲದಲ್ಲಿಯೂ ಹಿಂದಿನ ಸಾಲಿನವನಿಗೆ ಕೇಳಿಸುತ್ತಿತ್ತು. ಬಡವರ ಮನೆಯ ಹುಡುಗನೂ ಅದನ್ನಿಟ್ಟುಕೊಂಡು ಸ್ವರಜ್ಞಾನ ಪಡೆಯಬಹುದಿತ್ತು. ಮಲ್ಲಿಕಾರ್ಜುನ ಮನಸೂರರಂಥವರ ಬಾಲ್ಯವೂ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿಯೇ ಕಳೆಯಿತೆಂಬುದನ್ನು ಇಲ್ಲಿ ನೆನೆಯಬೇಕು. ಜಾತ್ರೆಯ ರಂಗ ನಮ್ಮ ನಾಡಿನ ದೊಡ್ಡ ಸಂಗೀತಕ್ಕೂ ಒಂದು ಪಾಠಶಾಲೆಯಾಗಿತ್ತು.

ನಿಷೇಧದ ಫಲ ಎರಡು ಬಗೆಯದಾಯಿತು. ಪೇಟಿಯವರಿಗೆ ಬಾಗಿಲು ಮುಚ್ಚಿದಾಗ ಸಾರಂಗಿಯವರಿಗೆ ತೆರೆಯಿತು. ಸಂಸ್ಥಾನಗಳೂ ಕೋಠಿಗಳೂ ಕಳೆಗುಂದಿ ನಿರಾಶ್ರಿತರಾಗುತ್ತಿದ್ದ ಆ ವಾದಕರಲ್ಲಿ ಹಲವರು ರೇಡಿಯೋ ಕೇಂದ್ರಗಳ ಸಂಬಳದ ಕಲಾವಿದರಾಗಿ ಉಳಿದುಕೊಂಡರು. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾದಾಗಲೂ ನಿಷೇಧ ಜಾರಿಯಲ್ಲಿತ್ತು. ಪೇಟಿಯ ನೆರಳಿನಲ್ಲಿ ಬೆಳೆದ ಈ ಸೀಮೆಯ ಹಾಡು ಪೇಟಿಯನ್ನು ಹೊರಗಿಟ್ಟೇ ಒಳಗೆ ಬರಬೇಕಾಯಿತು. 1971ರಲ್ಲಿ ಕಟ್ಟು ಭಾಗಶಃ ಸಡಿಲವಾಯಿತು. ಮೂರು ದಶಕಗಳ ಆ ಅವಧಿಯಲ್ಲಿ ಮದ್ದಲೆ, ತಬಲಾ, ಪಿಟೀಲುಗಳಿಗೆ ದೊರೆತ ವಿದ್ವತ್ತಿನ ಮನ್ನಣೆ ಪೇಟಿ ಮಾಸ್ತರನಿಗೆ ದೊರೆಯಲಿಲ್ಲ.

ಇಲ್ಲಿ ಇನ್ನೊಬ್ಬ ಸೆಲ್ಲೋ ವಾದಕಿಯ ಮಾತು ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಪ್ರಾಧ್ಯಾಪಕಿಯಾಗಿದ್ದ ರೆಗುಲಾ ಖುರೇಶಿ ಸೆಲ್ಲೋ ಕಲಿತವರು. ಭಾರತಕ್ಕೆ ಬಂದು ಅವರು ಸಾರಂಗಿಯನ್ನು ಶಿಷ್ಯೆಯಾಗಿ ಅಭ್ಯಾಸ ಮಾಡಿದರು. ವಂಶಪರಂಪರೆಯ ಸಾರಂಗಿ ವಾದಕರು ತಮ್ಮ ಬಾಳನ್ನೂ ಕಲೆಯನ್ನೂ ಕುರಿತು ತಾವೇ ಆಡಿದ ಮಾತುಗಳನ್ನು 2007ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಅದಕ್ಕೂ ಮೊದಲು, 1980ರ ದಶಕದಲ್ಲಿ, ಡಚ್ ವಿದ್ವಾಂಸ ಯೂಪ್ ಬೋರ್ ಮುಂಬಯಿಯ ಪತ್ರಿಕೆಯೊಂದರ ಮೂಲಕ ಸಾರಂಗಿಯ ಇತಿಹಾಸವನ್ನು ವಿಸ್ತಾರವಾಗಿ ಬರೆದಿದ್ದರು. ಫೌಲ್ಡ್ಸನೂ ಖುರೇಶಿಯವರೂ ಬಂದದ್ದು ಒಂದೇ ವಾದ್ಯದಿಂದ. ಒಬ್ಬ ತನ್ನ ಕಮಾನಿನ ಅಳತೆಯಿಂದ ಪೇಟಿಯನ್ನು ತೂಗಿದ. ಮತ್ತೊಬ್ಬರು ಕಮಾನನ್ನು ಬದಿಗಿಟ್ಟು ಉಸ್ತಾದರ ಮುಂದೆ ಕುಳಿತರು. ಫೌಲ್ಡ್ಸನ ಕಿವಿ ನಿಜವನ್ನೇ ಕೇಳಿತ್ತು. ಆದರೆ ವಾದ್ಯದ ದೋಷವನ್ನು ಕೇಳಿದ ಕಿವಿ ಅದನ್ನು ನುಡಿಸುತ್ತಿದ್ದವನ ಕಥೆಯನ್ನು ಕೇಳಿರಲಿಲ್ಲ.

ಸಾರಂಗಿಯವರಿಗೆ ದೊರೆತ ಆ ಕೇಳುವಿಕೆ ನಮ್ಮ ಪೇಟಿ ಮಾಸ್ತರರಿಗೂ ದೊರೆಯಬೇಡವೆ? ಹನ್ನೆರಡು ಮನೆಗಳ ಪೆಟ್ಟಿಗೆಯಲ್ಲಿ ಭೀಮಪಲಾಸದ ಭಾವವನ್ನು ಹೇಗೆ ತೋರಿಸಿದಿರಿ, ಗಂಟಲು ಕಟ್ಟಿದ ನಟನನ್ನು ಯಾವ ಸ್ವರದಲ್ಲಿ ಕಾಪಾಡಿದಿರಿ ಎಂದು ಅವರನ್ನು ಕೇಳಿ ಬರೆದಿಡುವ ಕೆಲಸ ನಮ್ಮದು. ಅದಕ್ಕೆ ದೂರದ ಗ್ರಂಥಾಲಯಗಳಿಗೆ ಹೋಗಬೇಕಾಗಿಲ್ಲ. ಬನದ ಹುಣ್ಣಿಮೆಗೆ ಚೊಳಚಗುಡ್ಡಕ್ಕೆ ಹೋಗಿ, ನಾಟಕ ಮುಗಿದು ಜನ ಚೆದುರಿದ ಮೇಲೆ, ರಂಗದ ಹತ್ತಿರ ಒಂದು ಗಳಿಗೆ ಹಳಬರೊಡನೆ ಕುಳಿತರೆ ಆರಂಭವಾದೀತು. ಅವರ ಸಂಖ್ಯೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ.