ಘಟ್ಟದ ಮೇಲಿನ ಮೂರು ತಾಲ್ಲೂಕುಗಳು ಮತ್ತು ಮೋಟಾರು ಜೋಡಣೆಯ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಮೋಟಾರು ವಾಹನ ತಯಾರಿಸುವ ಕಾರ್ಖಾನೆ ಎಂದೂ ಇರಲಿಲ್ಲ. ಆದರೂ ವಿದೇಶಿ ಕಂಪನಿಗಳು ಭಾರತದಲ್ಲಿ ವಾಹನವನ್ನು ಸಿದ್ಧರೂಪದಲ್ಲಿ ತಂದು ಮಾರಬೇಕೇ, ಬಿಡಿಭಾಗಗಳನ್ನು ತಂದು ಇಲ್ಲಿ ಜೋಡಿಸಬೇಕೇ, ಇಲ್ಲವೇ ಪೂರ್ಣವಾಗಿ ಇಲ್ಲಿಯೇ ತಯಾರಿಸಬೇಕೇ ಎಂಬ ಒಂದು ಶತಮಾನದ ವಾದದ ಪರಿಣಾಮವನ್ನು ಇವುಗಳಷ್ಟು ನೇರವಾಗಿ ಅನುಭವಿಸಿದ ಪ್ರದೇಶಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ರೈಲು ಹಳಿ ಈ ಮೂರೂ ಪಟ್ಟಣಗಳನ್ನು ಇಂದಿಗೂ ಮುಟ್ಟಿಲ್ಲ. ಸಿದ್ದಾಪುರಕ್ಕೆ ಸಮೀಪದ ತಾಳಗುಪ್ಪಕ್ಕೆ 1940ರಲ್ಲಿ ರೈಲು ಬಂದು ಅಲ್ಲಿಗೇ ನಿಂತಿತು. ಶಿರಸಿಗೆ ಹಾವೇರಿ, ಯಲ್ಲಾಪುರಕ್ಕೆ ಹುಬ್ಬಳ್ಳಿ ಆಸರೆಯ ನಿಲ್ದಾಣಗಳಾದವು. ಆದ್ದರಿಂದ ಅಡಿಕೆ, ಯಾಲಕ್ಕಿ, ಕಾಳುಮೆಣಸು ಹೊರಹೋಗಬೇಕಾದರೂ ಅಕ್ಕಿ, ಉಪ್ಪು, ಸೀಮೆಎಣ್ಣೆ ಒಳಬರಬೇಕಾದರೂ ರಸ್ತೆಯೊಂದೇ ಗತಿಯಾಗಿತ್ತು, ಆ ರಸ್ತೆಯ ಮೇಲೆ ಯಾವ ವಾಹನ ಓಡಬೇಕೆಂಬುದು ದೂರದ ಬಂದರು ಮತ್ತು ಸಚಿವಾಲಯಗಳಲ್ಲಿ ತೀರ್ಮಾನವಾಗುತ್ತಿತ್ತು.

ಆ ರಸ್ತೆಗಳು ಮೋಟಾರಿಗಾಗಿ ಹುಟ್ಟಿದವುಗಳಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಕಾಲವೂ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಸರಬರಾಜು ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡ ಸೀಮೆಯ ಹತ್ತಿಯತ್ತ ಕಣ್ಣು ಹಾಯಿಸಿದ ಕಾಲವೂ ಒಂದೇ ಆಗಿತ್ತು. ಬಯಲುಸೀಮೆಯ ಹತ್ತಿ ಕುಮಟಾ ಮತ್ತು ಕಾರವಾರದ ಬಂದರುಗಳಿಗೆ ಇಳಿಯಲೆಂದು ದೇವಿಮನೆ ಮತ್ತು ಅರಬೈಲು ಘಟ್ಟಗಳ ದಾರಿಗಳು ಗಾಡಿರಸ್ತೆಗಳಾಗಿ ಬಲಗೊಂಡವು. ಮುಂದೆ ರೈಲು ಬೇರೆ ದಿಕ್ಕುಗಳಲ್ಲಿ ಸಾಗಿ ಹತ್ತಿಯ ವ್ಯಾಪಾರ ಈ ಘಟ್ಟಗಳನ್ನು ಬಿಟ್ಟುಹೋದರೂ ರಸ್ತೆಗಳು ಉಳಿದವು. ಎತ್ತಿನ ಗಾಡಿಗಳ ಸಾಲು ದಿನಗಟ್ಟಲೆ ಏರಿ ಇಳಿಯುತ್ತಿದ್ದ ಆ ತಿರುವುಗಳಲ್ಲೇ ಇಪ್ಪತ್ತನೆಯ ಶತಮಾನದ ಮೋಟಾರು ತನ್ನ ದಾರಿಯನ್ನು ಕಂಡುಕೊಂಡಿತು.

ಮೊದಲ ತಲೆಮಾರಿನ ಮೋಟಾರುಗಳು ಪೂರ್ಣ ಸಿದ್ಧವಾಗಿಯೇ ಹಡಗಿನಲ್ಲಿ ಬರುತ್ತಿದ್ದವು. 1927ರಲ್ಲಿ ಭಾರತ ಸರ್ಕಾರ ಮೋಟಾರು ಕಾರುಗಳ ಆಮದು ಸುಂಕವನ್ನು ಶೇ. 30ರಿಂದ ಶೇ. 20ಕ್ಕೆ ಇಳಿಸಿದ ಮೇಲೆ ಮಾರುಕಟ್ಟೆ ಹಿಗ್ಗುವ ನಿರೀಕ್ಷೆ ಹುಟ್ಟಿತು. ಮರುವರ್ಷ, ಎಂದರೆ 1928ರಲ್ಲಿ, ಅಮೆರಿಕದ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ ಶೆವರ್ಲೆ ವಾಹನಗಳನ್ನು ಜೋಡಿಸತೊಡಗಿತು. 1930ರ ಆಸುಪಾಸಿನಲ್ಲಿ ಫೋರ್ಡ್ ಕಂಪನಿ ತನ್ನ ಕೆನಡಾ ಶಾಖೆಯ ಮೂಲಕ ಮುಂಬಯಿ, ಮದರಾಸು, ಕಲ್ಕತ್ತಾಗಳಲ್ಲಿ ಅದೇ ಕೆಲಸ ಹಿಡಿಯಿತು. ಜೋಡಣೆ ಎಂದರೆ ಎಂಜಿನ್ನು, ಗೇರುಪೆಟ್ಟಿಗೆ, ಅಚ್ಚು, ಚೌಕಟ್ಟು ಮೊದಲಾದವನ್ನು ಕಳಚಿದ ಸ್ಥಿತಿಯಲ್ಲಿ ಮರದ ಪೆಟ್ಟಿಗೆಗಳಲ್ಲಿ ತಂದು, ಇಲ್ಲಿ ಬೋಲ್ಟು ಬಿಗಿದು, ಬಣ್ಣ ಬಳಿದು, ಚಾಲನೆಗೆ ಸಿದ್ಧಗೊಳಿಸುವ ಕ್ರಮ. ಈ ವಹಿವಾಟಿನಲ್ಲಿ ಅದನ್ನು ಇಂದಿಗೂ ಸಿಕೆಡಿ ಎಂದೇ ಕರೆಯುತ್ತಾರೆ. ಪೂರ್ಣ ವಾಹನವೊಂದು ಹಡಗಿನಲ್ಲಿ ಹಿಡಿಯುವ ಜಾಗದಲ್ಲಿ ಕಳಚಿದ ವಾಹನಗಳು ಹಲವು ಹಿಡಿಯುವುದರಿಂದ ಸಾಗಣೆ ವೆಚ್ಚ ಉಳಿಯುತ್ತಿತ್ತು, ಕೂಲಿ ಅಗ್ಗವಾಗಿತ್ತು, ಆದರೆ ಲೋಹವನ್ನು ಎರಕ ಹೊಯ್ದು ಕಡೆದು ಯಂತ್ರವಾಗಿಸುವ ವಿದ್ಯೆ ಮಾತ್ರ ತವರಿನಲ್ಲೇ ಉಳಿಯುತ್ತಿತ್ತು.

ಲಾರಿ ಮತ್ತು ಬಸ್ಸುಗಳ ವಿಷಯದಲ್ಲಿ ಈ ಜೋಡಣೆಗೆ ಇನ್ನೊಂದು ಹಂತವಿತ್ತು, ಘಟ್ಟದ ಸೀಮೆಯನ್ನು ಅರಿಯಬೇಕಾದರೆ ಅದನ್ನು ಗಮನಿಸಲೇಬೇಕು. ಕಾರ್ಖಾನೆಯಿಂದ ಹೊರಬರುತ್ತಿದ್ದುದು ಬಹುಮಟ್ಟಿಗೆ ಚಾಸಿ, ಅಂದರೆ ಚಕ್ರ, ಎಂಜಿನ್ನು, ಚುಕ್ಕಾಣಿಗಳುಳ್ಳ ಬರಿಯ ಚೌಕಟ್ಟು. ಅದರ ಮೇಲೆ ಮರದ ಕಟ್ಟು ಮತ್ತು ತಗಡಿನ ಹೊದಿಕೆ ಹಾಕಿ ಬಾಡಿ ಕಟ್ಟುವ ಕೆಲಸ ಹುಬ್ಬಳ್ಳಿ, ಮಂಗಳೂರಿನಂಥ ಊರುಗಳ ಬಡಗಿ ಮತ್ತು ಕಮ್ಮಾರರ ಪಾಲಾಗಿತ್ತು. ಬಸ್ಸಿನ ನೆತ್ತಿಯ ಮೇಲೆ ಸಾಮಾನು ಕಟ್ಟುವ ಏಣಿ, ಮಳೆಗಾಲಕ್ಕೆ ಇಳಿಬಿಡುವ ಟಾರ್ಪಾಲು, ಮೂಟೆಗಳ ಭಾರ ತಡೆಯುವ ಹಲಗೆ ಇವನ್ನೆಲ್ಲ ಅಮೆರಿಕದ ಮೋಟಾರು ಕೇಂದ್ರವಾದ ಡೆಟ್ರಾಯಿಟ್ ರೂಪಿಸಲಿಲ್ಲ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಾಡಿನ ಅಗತ್ಯಗಳನ್ನು ಬಲ್ಲ ಕುಶಲಕರ್ಮಿಗಳು ರೂಪಿಸಿದರು. ಘಟ್ಟದ ಹೊಂಡಗಳಲ್ಲಿ ಮೊದಲು ಸೋಲುತ್ತಿದ್ದ ಭಾಗ ಪಟ್ಟಿ ಸ್ಪ್ರಿಂಗು. ಅದನ್ನು ದೇಶದಲ್ಲೇ ತಯಾರಿಸಲು ಮುಂದಾದವರಲ್ಲಿ ಮಂಗಳೂರಿನ ವಿ.ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ ಒಂದಾಗಿತ್ತು ಎಂಬುದು ಆಕಸ್ಮಿಕವೆಂದು ತೋರುವುದಿಲ್ಲ. ಕರಾವಳಿ ಮತ್ತು ಘಟ್ಟದ ಬಸ್ಸು ಸಾರಿಗೆಯ ಅನುಭವವೇ ಅಲ್ಲಿ ಉದ್ಯಮವಾಗಿ ತಿರುಗಿತು.

1923ರಲ್ಲಿ ಶಿರಸಿಯಲ್ಲಿ ಸ್ಥಾಪನೆಗೊಂಡ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿ.ಎಸ್.ಎಸ್., ಅಡಿಕೆ ಬೆಳೆಗಾರರನ್ನು ದಲ್ಲಾಳಿಗಳ ಹಿಡಿತದಿಂದ ಬಿಡಿಸಲು ಹೊರಟಾಗ ಸಾಗಣೆಯ ಪ್ರಶ್ನೆಯೂ ಅದರ ಬೆನ್ನಿಗಿತ್ತು. ಬೆಲೆ ಏರಿದ ವಾರದಲ್ಲಿ ಅಡಿಕೆ ಮಾರುಕಟ್ಟೆ ಮುಟ್ಟದಿದ್ದರೆ ಸಹಕಾರದ ಲಾಭ ಅರ್ಧ ಕರಗುತ್ತದೆ. ಹೀಗೆ ಮುಂಬಯಿಯ ಜೋಡಣೆ ಕಾರ್ಖಾನೆಗಳು ಮತ್ತು ಶಿರಸಿಯ ಅಡಿಕೆ ವಖಾರಿ ಒಂದೇ ದಶಕದ ಕೂಸುಗಳಾಗಿ ಒಂದನ್ನೊಂದು ಅರಿಯದೆಯೇ ಪೂರಕವಾದವು.

ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ 1935ರಿಂದ 1940ರವರೆಗಿನದು. ಆಗ ಸಿದ್ದಾಪುರ ತಾಲ್ಲೂಕಿನ ಅಂಚೇ ಎರಡು ರಾಜ್ಯಾಡಳಿತಗಳ ಗಡಿಯಾಗಿತ್ತು; ಶರಾವತಿಯ ಜೋಗದಲ್ಲಿ ಒಂದು ದಡ ಮೈಸೂರಿನದಾದರೆ ಇನ್ನೊಂದು ಮುಂಬಯಿಯದು, ಸಿದ್ದಾಪುರದ ಕಡೆಯ ಪ್ರವಾಸಿ ಬಂಗಲೆಗೆ ಬಾಂಬೆ ಬಂಗಲೆ ಎಂಬ ಹೆಸರು ಬಂದುದೂ ಅದರಿಂದಲೇ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು ಮತ್ತು ಅಮೆರಿಕಗಳಿಗೆ ಹೋಗಿ ಕಾರು ಕಾರ್ಖಾನೆಗಳನ್ನು ಕಂಡು, ಮರಳಿ ಬಂದು, ಬರಿಯ ಜೋಡಣೆಯನ್ನು ದಾಟಿ ಪೂರ್ಣ ತಯಾರಿಕೆಗೆ ಸಾಗುವ ಯೋಜನೆಯನ್ನು ದೇಶದ ಮುಂದಿಟ್ಟರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದಕ್ಕೆ ಬಂದರು. ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲ ನೆರವಿನ ಭರವಸೆ ಕೊಟ್ಟಿತು, ಆದರೆ 1939ರ ಕೊನೆಯಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಅದು ರಾಜೀನಾಮೆಯಿತ್ತು ಹೊರಬಂದಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ಒಲವು ತೋರಿತು, ಆದರೆ ಭಾರತ ಸರ್ಕಾರ ಯುದ್ಧಕ್ಕೆ ಅದು ಅಗತ್ಯವಲ್ಲವೆಂಬ ನೆಪ ಹೇಳಿ ದಾರಿ ಕೊಡಲಿಲ್ಲ. ಹೀಗೆ ಗಡಿಯ ಈಚೆಗಿನ ಸರ್ಕಾರವೂ ಆಚೆಗಿನ ಸರ್ಕಾರವೂ ಒಂದೇ ಯೋಜನೆಯನ್ನು ಬಯಸಿದವು, ಎರಡರ ಕೈಯಲ್ಲೂ ಅದು ಕೂಡಿಬರಲಿಲ್ಲ. ವಾಲಚಂದರ ಉತ್ಸಾಹ ವಿಮಾನದತ್ತ ಹೊರಳಿ, 1940ರ ಡಿಸೆಂಬರಿನಲ್ಲಿ ಮೈಸೂರಿನ ಸಹಭಾಗಿತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಬೆಂಗಳೂರಿಗೆ ಅದು ದೊಡ್ಡ ವರವೇ ಆಯಿತು. ಆದರೆ ಲಾರಿಯನ್ನೇ ನಂಬಿದ ಮಲೆನಾಡಿಗೆ ಆ ದಶಕದಲ್ಲಿ ಕೈತಪ್ಪಿದ್ದನ್ನು ವಿಮಾನ ಕಾರ್ಖಾನೆ ತುಂಬಿಕೊಡಲಾರದಾಗಿತ್ತು.

ವಾಹನ ಕಾರ್ಖಾನೆ ಕೈತಪ್ಪಿದ್ದರ ಬೆಲೆ ಯುದ್ಧಕಾಲದಲ್ಲೇ ಕಂಡಿತು. ಹೊಸ ವಾಹನಗಳೂ ಬಿಡಿಭಾಗಗಳೂ ಸೇನೆಯ ಪಾಲಾಗಿ, ಪೆಟ್ರೋಲಿಗೆ ಪಡಿತರ ಬಂದಾಗ, ಬಸ್ಸುಗಳ ಹಿಂಬದಿಗೆ ಉರುಳೆಯಾಕಾರದ ಒಲೆ ಕಟ್ಟಿ, ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿ ಹುಟ್ಟುವ ಅನಿಲದಿಂದ ಎಂಜಿನ್ನು ಓಡಿಸುವ ಗ್ಯಾಸ್ ಬಸ್ಸುಗಳು ನಾಡಿನ ತುಂಬ ಬಳಕೆಗೆ ಬಂದವು. ಇಂಥ ಎಂಜಿನ್ನಿನ ಶಕ್ತಿ ಪೆಟ್ರೋಲಿಗಿಂತ ಕುಂದಿರುವುದರಿಂದ ಏರಿನಲ್ಲಿ ಅದು ಏದುಸಿರು ಬಿಡುತ್ತಿತ್ತು. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಡಿಸ್ಪೋಸಲ್ ಲಾರಿ ಮತ್ತು ಜೀಪುಗಳು ನಾಗರಿಕರ ಕೈಗೆ ಬಂದವು. 1947ರ ನಂತರ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳನ್ನೂ, ಕುರ್ಲಾದಲ್ಲಿ ವಾಲಚಂದರ ಪ್ರೀಮಿಯರ್ ಸಂಸ್ಥೆ ಡಾಡ್ಜ್ ಮತ್ತು ಫಾರ್ಗೊ ಲಾರಿಗಳನ್ನೂ ಜೋಡಿಸತೊಡಗಿದವು. ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯಿಸಬಲ್ಲ ಜೀಪು ಕೆಸರಿನ ತೋಟದ ದಾರಿಗೆ ಹೇಳಿ ಮಾಡಿಸಿದಂತಿತ್ತು, ಮಲೆನಾಡು ಅದನ್ನು ಇಂದಿಗೂ ಕೈಬಿಟ್ಟಿಲ್ಲ.

ನಿರ್ಣಾಯಕ ತಿರುವು 1953ರದು. 1949ರಲ್ಲೇ ಪೂರ್ಣ ಸಿದ್ಧ ಕಾರುಗಳ ಆಮದನ್ನು ತಡೆಹಿಡಿದಿದ್ದ ಸರ್ಕಾರ, ಸುಂಕ ಆಯೋಗದ ಶಿಫಾರಸನ್ನು ಒಪ್ಪಿ, ಹಂತಹಂತವಾಗಿ ದೇಶದಲ್ಲೇ ತಯಾರಿಸುವ ಕಾರ್ಯಕ್ರಮವಿಲ್ಲದ, ಜೋಡಣೆಯನ್ನಷ್ಟೇ ನಡೆಸುವ ಸಂಸ್ಥೆಗಳು ಮೂರು ವರ್ಷಗಳೊಳಗೆ ಮುಚ್ಚಬೇಕೆಂದು ವಿಧಿಸಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಲೆಕ್ಕ ಹಾಕಿ ನೋಡಿ, ಮಾರುಕಟ್ಟೆ ಚಿಕ್ಕದೆಂದು ತೀರ್ಮಾನಿಸಿ ಹೊರಟುಹೋದವು. 1954ರಲ್ಲಿ ಡೈಮ್ಲರ್-ಬೆಂಝ್ ಸಹಯೋಗದ ಟಾಟಾ ಲಾರಿ ಜಮ್‌ಶೇದ್‌ಪುರದಲ್ಲಿ ಸಿದ್ಧವಾಯಿತು; ಬೆಂಗಳೂರಿನಲ್ಲಿ ಬಾಷ್ ಸಹಯೋಗದ ಮೈಕೊ ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳ ತಯಾರಿಕೆಗೆ ಇಳಿಯಿತು. ಈ ನಿರ್ಧಾರದಿಂದ ನಗರದ ಕಾರು ಕೊಳ್ಳುವವರು ಹಳೆಯ ಮಾದರಿಗಳಿಗೆ ದಶಕಗಳ ಕಾಲ ಕಟ್ಟುಬಿದ್ದರೆಂಬ ಟೀಕೆ ನ್ಯಾಯವಾದುದೇ. ಆದರೆ ಯಲ್ಲಾಪುರದಲ್ಲಿ ನಿಂತು ನೋಡಿದರೆ ತೂಕ ಬೇರೆ ಬೀಳುತ್ತದೆ: ಅರಬೈಲಿನ ತಿರುವಿನಲ್ಲಿ ಅಚ್ಚು ಮುರಿದ ಲಾರಿಗೆ ಹಡಗಿನ ದಾರಿ ಕಾಯದೆ ಹುಬ್ಬಳ್ಳಿಯಿಂದ ಬಿಡಿಭಾಗ ತರಿಸಬಹುದಾಯಿತು, ಒಂದೇ ಮಾದರಿ ವರ್ಷಗಟ್ಟಲೆ ಉಳಿದದ್ದರಿಂದ ಗ್ಯಾರೇಜಿನ ಮೇಸ್ತ್ರಿಗಳು ಅದರ ನರನಾಡಿ ಕಲಿತರು. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಬಿದಿರು ಹೊತ್ತ ಲಾರಿಗಳೂ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿನ ಆಡಳಿತಕ್ಕೆ ಬಂದ ಸರ್ಕಾರಿ ಬಸ್ಸುಗಳೂ ಈ ಭರವಸೆಯ ಮೇಲೆಯೇ ಓಡಿದವು. ಮೂರು ತಾಲ್ಲೂಕುಗಳ ಮಟ್ಟಿಗೆ 1953ರ ನಿರ್ಧಾರ ಸರಿಯಾದದ್ದೇ ಆಗಿತ್ತು.

ಮೂರು ದಶಕಗಳ ಬಳಿಕ ಮುಂದಿನ ಹಂತಗಳು ಬೇಗ ಬೇಗ ಬಂದವು. 1983ರ ಡಿಸೆಂಬರಿನಲ್ಲಿ ಸುಜುಕಿ ಸಹಯೋಗದ ಮಾರುತಿ ಕಾರು ಬಂದು, ಅದರ ಬೆನ್ನಿಗೇ ಬಂದ ವ್ಯಾನು, ಮುಂದೆ ಓಮ್ನಿ ಎಂಬ ಹೆಸರಿನಲ್ಲಿ, ತೋಟದ ಮನೆಗಳ ಅಂಗಳಕ್ಕೆ ಹೊಕ್ಕು ಜನರನ್ನೂ ಹಿಂಡಿಯ ಚೀಲವನ್ನೂ ಒಟ್ಟಿಗೆ ಹೊತ್ತಿತು. ಉದಾರೀಕರಣದ ನಂತರ ವಿಶ್ವೇಶ್ವರಯ್ಯನವರು ಬಯಸಿದ್ದು ಬೇರೆ ರೂಪದಲ್ಲಿ ಕೈಗೂಡಿತು: ಟೊಯೋಟಾ 1997ರಲ್ಲಿ ಕಿರ್ಲೋಸ್ಕರ್ ಸಮೂಹದೊಡನೆ ಸೇರಿ ಬಿಡದಿಯನ್ನು ಆರಿಸಿಕೊಂಡು, 2000ದ ಆರಂಭದಲ್ಲಿ ಕ್ವಾಲಿಸ್ ಅನ್ನು ಮಾರುಕಟ್ಟೆಗೆ ತಂದಿತು, ಸ್ವೀಡನ್ನಿನ ವೋಲ್ವೊ 1998ರಲ್ಲಿ ಹೊಸಕೋಟೆಯಲ್ಲಿ ಭಾರಿ ಲಾರಿಗಳ ಕಾರ್ಖಾನೆ ತೆರೆಯಿತು.

ಹಳೆಯ ಪ್ರಶ್ನೆ ಮಾತ್ರ ಮುಗಿದಿಲ್ಲ. ಅಮೆರಿಕದ ಟೆಸ್ಲಾ 2021ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತನ್ನ ಭಾರತೀಯ ಸಂಸ್ಥೆಯನ್ನು ನೋಂದಾಯಿಸಿ, ಕಾರ್ಖಾನೆಯ ಮಾತಿಗೆ ಮೊದಲು ಆಮದು ಸುಂಕ ಇಳಿಯಲೆಂದು ಕೇಳಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನೀತಿಯು ಕನಿಷ್ಠ 4,150 ಕೋಟಿ ರೂಪಾಯಿ ಹೂಡುವ ಕಂಪನಿಗೆ ವರ್ಷಕ್ಕೆ 8,000 ವಿದ್ಯುತ್ ಕಾರುಗಳವರೆಗೆ ಶೇ. 15ರ ಸುಂಕದಲ್ಲಿ ತರಲು ಅವಕಾಶ ಕೊಟ್ಟಿತು, ಪ್ರತಿಯಾಗಿ ಮೂರು ವರ್ಷಗಳಲ್ಲಿ ಶೇ. 25, ಐದು ವರ್ಷಗಳಲ್ಲಿ ಶೇ. 50ರಷ್ಟು ಮೌಲ್ಯ ದೇಶದಲ್ಲೇ ಹುಟ್ಟಬೇಕೆಂದು ಕರಾರು ಹಾಕಿತು. ಸುಂಕ ಆಯೋಗ 1953ರಲ್ಲಿ ಕೇಳಿದ್ದನ್ನೇ ಇದು ಶೇಕಡಾವಾರಿನಲ್ಲಿ ಕೇಳುತ್ತದೆ. ಟೆಸ್ಲಾಗೆ ಇಲ್ಲಿ ತಯಾರಿಸುವ ಆಸಕ್ತಿಯಿಲ್ಲ, ಮಾರಾಟ ಮಳಿಗೆಗಳಷ್ಟೇ ಸಾಕಾಗಿದೆ ಎಂದು 2025ರ ಜೂನ್‌ನಲ್ಲಿ ತಿಳಿಸಿದವರು ಕರ್ನಾಟಕದವರೇ ಆದ ಕೇಂದ್ರದ ಭಾರಿ ಕೈಗಾರಿಕಾ ಸಚಿವ ಎಚ್.ಡಿ. ಕುಮಾರಸ್ವಾಮಿ. ಜುಲೈನಲ್ಲಿ ಮುಂಬಯಿಯಲ್ಲಿ ಆ ಕಂಪನಿಯ ಮಳಿಗೆ ತೆರೆದು, ವಾಹನಗಳು ಮತ್ತೆ ಪೂರ್ಣ ಸಿದ್ಧವಾಗಿಯೇ ಹಡಗಿನಲ್ಲಿ ಬರತೊಡಗಿದವು. ಇಂಥ ಲೆಕ್ಕಾಚಾರಗಳಲ್ಲಿ ಕೊಳ್ಳುವವನ ಬೆಲೆ, ಕಾರ್ಮಿಕನ ಉದ್ಯೋಗ, ಸರ್ಕಾರದ ಸುಂಕ ಇವೆಲ್ಲಕ್ಕೂ ಅಂಕಣವುಂಟು. ಕೆಟ್ಟು ನಿಂತ ವಾಹನವನ್ನು ರೈಲಿಲ್ಲದ ತಾಲ್ಲೂಕಿನಲ್ಲಿ ಯಾರು, ಯಾವ ಬಿಡಿಭಾಗದಿಂದ, ಎಷ್ಟು ದಿನಗಳಲ್ಲಿ ಸರಿಪಡಿಸುತ್ತಾರೆಂಬುದಕ್ಕೂ ಒಂದು ಅಂಕಣವನ್ನು ಕರಾರಿನಲ್ಲೇ ಸೇರಿಸಬೇಕೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಕೇಳಬಹುದಾಗಿದೆ.