ಚಳಿ ಮುಗಿದ ಮೇಲೆ ಸ್ವೆಟರ್: ತೆಗೆದಿಡುವ ಕ್ರಮ

ನಂಜನಗೂಡು ತಾಲ್ಲೂಕಿನ ಕವಲಂದೆ, ಪಕ್ಕದ ತಿ. ನರಸೀಪುರದ ಕಡೆ ಸ್ವೆಟರ್ ಬೇಕೆನಿಸುವ ಚಳಿ ಇರುವುದು ಡಿಸೆಂಬರ್, ಜನವರಿಯಲ್ಲಿ. ಉಳಿದ ಕಾಲವೆಲ್ಲ ಅದು ಬೀರುವಿನಲ್ಲೋ ಟ್ರಂಕಿನಲ್ಲೋ ಇರುತ್ತದೆ. ಮೇ ತಿಂಗಳ ಮಳೆ, ಸೆಪ್ಟೆಂಬರ್–ಅಕ್ಟೋಬರಿನ ಜೋರು ಮಳೆ ಎರಡೂ ಆಗಲೇ ಬಂದುಹೋಗುತ್ತವೆ. ಹಾಗಾಗಿ ಇಲ್ಲಿ ಸ್ವೆಟರಿಗೆ ತೊಟ್ಟು ಸವೆಯುವುದಕ್ಕಿಂತ ಇಟ್ಟಲ್ಲೇ ಕೆಡುವ ಅಪಾಯ ಹೆಚ್ಚು.

ನೂಲು ಯಾವುದು?

ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕುರಿ ಹೆಸರಾದದ್ದು ಮಾಂಸಕ್ಕೆ. ಅದರ ಒರಟು ಕೂದಲು ಸ್ವೆಟರ್ ಹೆಣೆಯಲು ಬಾರದು. ಇಲ್ಲಿನವರು ತೊಡುವುದು ಹೊರಗಿನಿಂದ ಬಂದ ಹೆಣಿಗೆಯನ್ನೇ. ಬೈಲಕುಪ್ಪೆಯಂಥ ಶಿಬಿರಗಳ ಟಿಬೆಟನ್ನರು ಚಳಿಗಾಲದಲ್ಲಿ ಊರೂರಿನಲ್ಲಿ ಮಾರುವ ಸ್ವೆಟರುಗಳಲ್ಲಿ ಅಪ್ಪಟ ಉಣ್ಣೆಯವೂ ಇರುತ್ತವೆ, ಅಕ್ರಿಲಿಕ್ ನೂಲಿನವೂ ಇರುತ್ತವೆ. ಒಳಗಿನ ಚೀಟಿ ನೋಡಿ ತಿಳಿದುಕೊಳ್ಳಬೇಕು. ಉಣ್ಣೆ ಕೆರಟಿನ್ ಎಂಬ ಪ್ರೋಟೀನು. ಹುಳುವಿಗೆ ಅದೇ ಆಹಾರ. ಅಕ್ರಿಲಿಕ್ ಹುಳುವಿಗೆ ಜೀರ್ಣವಾಗದು. ಆದರೆ ಜೋತುಬೀಳುವುದು, ಮುಗ್ಗಲು ವಾಸನೆ ಹಿಡಿಯುವುದು ಎರಡಕ್ಕೂ ಉಂಟು.

ಒಗೆದೇ ಇಡಬೇಕು

ಒಂದೇ ಸಲ ತೊಟ್ಟಿದ್ದೆಂದು ಹಾಗೇ ಮಡಿಸಿಡುವುದು ದೊಡ್ಡ ತಪ್ಪು. ಹುಳು ಮೊದಲು ಹಿಡಿಯುವುದು ಬೆವರು, ತಲೆಯ ಎಣ್ಣೆ, ಊಟದ ಕಲೆ ಅಂಟಿದ ಕೊರಳು ಮತ್ತು ಕಂಕುಳ ಭಾಗವನ್ನು. ತಣ್ಣೀರಿನಲ್ಲಿ ಮೃದುವಾದ ಸೋಪು ಅಥವಾ ಅಂಟುವಾಳದ ನೊರೆ ಸಾಕು. ಪ್ರೋಟೀನು ಕರಗಿಸುವ ಎಂಜೈಮ್ ಇರುವ ಸೋಪಿನ ಪುಡಿ ಉಣ್ಣೆಯ ಎಳೆಯನ್ನೂ ಸವೆಸುತ್ತದೆ. ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಬೇಕು. ಹೊಲಿಗೆಯ ಜಾಗ, ತೋಳಿನ ಅಂಚು ತಡವಾಗಿ ಒಣಗುತ್ತವೆ. ಅವನ್ನು ಮುಟ್ಟಿ ನೋಡಿಯೇ ಮಡಿಸಬೇಕು.

ನೇತುಹಾಕಬಾರದು

ಮಗ್ಗದ ಬಟ್ಟೆಯಲ್ಲಿ ಎಳೆಗಳು ಅಡ್ಡ, ಉದ್ದ ಬಿಗಿಯಾಗಿ ಕೂತಿರುತ್ತವೆ. ಹೆಣಿಗೆ ಕುಣಿಕೆಯೊಳಗೆ ಕುಣಿಕೆ ಸೇರಿದ್ದು, ಎಳೆದಷ್ಟೂ ಹಿಗ್ಗುತ್ತದೆ. ಹ್ಯಾಂಗರಿಗೆ ಹಾಕಿದರೆ ತನ್ನ ಭಾರಕ್ಕೇ ಉದ್ದವಾಗಿ, ಭುಜದಲ್ಲಿ ಉಬ್ಬು ಮೂಡುತ್ತದೆ. ಸ್ವೆಟರನ್ನು ಕವುಚಿ ಹಾಸಿ, ಎರಡೂ ತೋಳನ್ನು ಬೆನ್ನ ಮೇಲೆ ಮಡಿಸಿ, ಕೆಳಗಿನಿಂದ ಸಡಿಲವಾಗಿ ಎರಡು ಮಡಿಕೆ ಹಾಕಿದರೆ ಆಯಿತು. ಭಾರವಾದವು ಅಡಿಯಲ್ಲಿ, ಕುಲಾವಿ, ಮಂಕಿ ಕ್ಯಾಪು ಮೇಲೆ.

ಹುಳು ಯಾವುದು?

ಬಟ್ಟೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಬೆಳೆದ ಪತಂಗ ಏನನ್ನೂ ತಿನ್ನದು. ಕತ್ತಲ ಮಡಿಕೆಯಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಮಡಿಕೆ ಬಿಡಿಸಿದಾಗ ಬಿಳಿ ನೂಲಿನ ಸಣ್ಣ ಕೊಳವೆ, ಮರಳಿನಂಥ ಕಾಳು ಕಂಡರೆ ಹುಳು ಹಿಡಿದಿದೆಯೆಂದೇ ಲೆಕ್ಕ. ಅಂಥದ್ದನ್ನು ಬೇರೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಫ್ರಿಜ್ಜಿನ ಫ್ರೀಜರಿನಲ್ಲಿ ಒಂದೆರಡು ವಾರ ಇಡಬಹುದು. ಬೀರುವಿನ ಮೂಲೆ, ಸಂದುಗಳನ್ನೂ ಗುಡಿಸಿ ಒರೆಸಬೇಕು.

ಗುಳಿಗೆ, ಬೇವು, ಬಜೆ

ನಾಫ್ತಲೀನ್ ಗುಳಿಗೆಯ ಆವಿ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಅದನ್ನು ಬಟ್ಟೆಗೆ ತಾಗದಂತೆ ಕಾಗದದಲ್ಲಿ ಸುತ್ತಿ ಮೇಲುಗಡೆ ಇಡಬೇಕು. ಬಾಣಂತಿ, ಹಸುಗೂಸಿನ ಬಟ್ಟೆಯ ಬಳಿ ಮಾತ್ರ ಬೇಡವೇ ಬೇಡ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಈ ಆವಿಯಿಂದ ರಕ್ತಕಣ ಒಡೆದು ಕಾಮಾಲೆ ಬರಬಹುದು. ಒಣಗಿದ ಬೇವಿನ ಸೊಪ್ಪು, ಬಜೆಬೇರು, ಲಾವಂಚ ಹುಳುವನ್ನು ದೂರವಿಡಬಲ್ಲವೇ ಹೊರತು ಆಗಲೇ ಇಟ್ಟ ಮೊಟ್ಟೆಯನ್ನು ಕೊಲ್ಲುತ್ತವೆಂದು ನಂಬುವಂತಿಲ್ಲ. ಕೊಳೆ ಬಟ್ಟೆಗೆ ಎಷ್ಟು ಗುಳಿಗೆ ಸುರಿದರೂ ಪ್ರಯೋಜನ ಕಡಿಮೆ.

ರೇಷ್ಮೆಗೂ ಇದೇ ಕಾಟ

ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಿದೆ. ಆ ನೂಲು ಮೈಸೂರು ಸಿಲ್ಕ್ ಸೀರೆಯಾಗುತ್ತದೆ. ರೇಷ್ಮೆಯೂ ಪ್ರೋಟೀನೇ ಆದ್ದರಿಂದ ಒಂದೇ ಟ್ರಂಕಿನ ಉಣ್ಣೆಗೆ ಹಿಡಿದ ಹುಳು ಸೀರೆಗೂ ಹಬ್ಬಬಹುದು. ಎರಡನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಸೀರೆಯನ್ನು ಆಗಾಗ ಬಿಚ್ಚಿ ಮಡಿಕೆ ಬದಲಿಸಬೇಕು. ಇಲ್ಲವಾದರೆ ಮಡಿಕೆಯ ಗೆರೆಯಲ್ಲೇ ಎಳೆ ಬಿರುಕು ಬಿಡುತ್ತದೆ.

ಮಳೆಗಾಲದ ನಡುವೆ

ತೇವವಿರುವ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಖಚಿತ. ಒಗೆದು ಒಣಗಿಸಿದ ಹಳೇ ಪಂಚೆಯೇ ಒಳ್ಳೆಯ ಹೊದಿಕೆ. ಟ್ರಂಕನ್ನು ಹೊರಗೋಡೆಗೆ ಒರಗಿಸದೆ, ನೆಲದಿಂದ ಎತ್ತರಿಸಿ ಇಡುವುದು ಲೇಸು. ಮೇ ಮಳೆಯ ನಂತರ ಒಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ, ಬಿಸಿಲಿರುವ ದಿನ ಎಲ್ಲವನ್ನೂ ಹೊರತೆಗೆದು ಕೊಡವಿ, ಸ್ವಲ್ಪ ಹೊತ್ತು ಗಾಳಿಯಾಡಿಸಿ ಮತ್ತೆ ಮಡಿಸಿಡಬೇಕು. ಹುಳುವಿಗೆ ಬೇಕಾದ ಕತ್ತಲೆ ಮತ್ತು ನೆಮ್ಮದಿ ಎರಡೂ ತಪ್ಪುವುದು ಈ ಕೊಡವುವಿಕೆಯಿಂದಲೇ.